ದಾರದ ಗುಡಾರ

ವೈವಿಧ್ಯವನ್ನು ಇಲಿಗಳು ತಿಂದುಹಾಕಿವೆ ಎಂಬ ಸುದ್ದಿ ಹೆಡ್ ಮೇಡಮ್ಮಿಗೆ ಮುಟ್ಟಿದಾಗ ಬೆಳಿಗ್ಗೆ ಒಂಬತ್ತೂಕಾಲು.

ವೈವಿಧ್ಯ ಅಂದರೆ ಬೇರೇನಲ್ಲ, ಒಂದು ತಗಡಿನ ಪೆಟ್ಟಿಗೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹಾಗೆಂದು ಬರೆದಿತ್ತು. ಒಳಗೆ ದೇಶದ ನಾಲ್ಕೂ ದಿಕ್ಕಿನ ಜನರ ವೇಷಗಳು. ಯಾರಾದರೂ ದೊಡ್ಡವರು ಶಾಲೆ ನೋಡಲು ಬಂದರೆ ಹನ್ನೆರಡು ಮಕ್ಕಳಿಗೆ ಅವನ್ನು ತೊಡಿಸಿ, ಕೈಗೊಂದು ಹಲಗೆ ಕೊಟ್ಟು, ಸಾಲಾಗಿ ನಿಲ್ಲಿಸಿ 'ನಾವೆಲ್ಲ ಒಂದೇ' ಎಂದು ಮೂರು ಸಲ ಕೂಗಿಸಿಬಿಟ್ಟರೆ ಮುಗಿಯಿತು. ಮಕ್ಕಳಿಗೆ ದೇಶದ ಪಾಠವೂ ಆಯಿತು, ಬಂದವರಿಗೆ ಫೋಟೋವೂ ಆಯಿತು. ಹದಿನಾರು ವರ್ಷದಿಂದ ಹೀಗೇ ನಡೆದುಬಂದಿತ್ತು. ಈಗ ಇಲಿಗಳು ಪೆಟ್ಟಿಗೆ ಹೊಕ್ಕು, ಉತ್ತರ ದಕ್ಷಿಣ ಅಂತ ಭೇದ ಎಣಿಸದೆ, ಎಲ್ಲರನ್ನೂ ಸಮನಾಗಿ ತಿಂದಿದ್ದವು. ಉಳಿದದ್ದು ಒಂದು ಅಂಟುಗಡ್ಡ. ಅದರೊಳಗೆ ಮರಿ ಹಾಕಿದ್ದವು.

ಪರಿಶೀಲನೆಗೆ ಅಧಿಕಾರಿ ಬರುವುದು ಅದೇ ದಿನ ಮೂರು ಗಂಟೆಗೆ. ಸುತ್ತೋಲೆಯಲ್ಲಿ ಸ್ಪಷ್ಟವಾಗಿತ್ತು: 'ವೈವಿಧ್ಯ, ರಾಷ್ಟ್ರಭಾವನೆ, ತಾನೂ ಇಲ್ಲಿಯವನು ಎಂಬ ಅರಿವು, ಈ ಮೂರನ್ನೂ ಮಕ್ಕಳಿಗೆ ಹೇಗೆ ಕಲಿಸುತ್ತೀರಿ, ತೋರಿಸತಕ್ಕದ್ದು.'

ಹೆಡ್ ಮೇಡಂ ಡ್ರಾಯಿಂಗ್ ಮೇಷ್ಟ್ರನ್ನು ಕರೆಸಿದರು. ಶಾಲೆಯಲ್ಲಿ ಏನೇ ಹರಿದರೂ ಮುರಿದರೂ ಕರೆಸುತ್ತಿದ್ದುದು ಅವರನ್ನೇ.

"ಮೇಷ್ಟ್ರೇ, ಮೂರು ಗಂಟೆಯೊಳಗೆ ನನಗೆ ವೈವಿಧ್ಯ ಬೇಕು."

"ಎಲ್ಲಿಂದ ತರ್ಲಿ ಮೇಡಂ?"

"ಎಲ್ಲಿಂದಾದ್ರೂ ತನ್ನಿ. ಬಾಡಿಗೆಗೆ ಸಿಗಲ್ವಾ?"

ಮೇಷ್ಟ್ರು ತಲೆ ಕೆರೆದುಕೊಂಡರು. ಬೇರೆ ದಿನವಾಗಿದ್ದರೆ 'ನೋಡ್ತೀನಿ ಮೇಡಂ' ಅಂದು ಜಾರಿಕೊಳ್ಳುತ್ತಿದ್ದರೇನೋ. ಆದರೆ ಬರುವ ಅಧಿಕಾರಿಯ ಬ್ಯಾಗಿನಲ್ಲಿ ಅವರ ಜೀವ ಇತ್ತು. ಒಂಬತ್ತು ವರ್ಷದಿಂದ ಅವರು ಹಂಗಾಮಿ. ಪ್ರತಿ ವರ್ಷ ರಜೆ ಶುರುವಾಗುವ ದಿನ 'ನಿಮ್ಮ ಸೇವೆ ಇಂದಿಗೆ ಮುಗಿಯಿತು' ಎಂದು ಒಂದು ಕಾಗದ, ಶಾಲೆ ತೆರೆಯುವ ದಿನ 'ಇಂದಿನಿಂದ ಸೇರಿಕೊಳ್ಳಿ' ಎಂದು ಇನ್ನೊಂದು. ನಡುವಿನ ಎರಡು ತಿಂಗಳು ಅವರು ಏನು, ಯಾರು, ಅವರಿಗೇ ತಿಳಿಯದು. ಶಿಕ್ಷಕರ ಹೆಸರಿನ ಹಲಗೆಯನ್ನು ಬರೆದವರು ಅವರೇ; ಎಲ್ಲರ ಹೆಸರನ್ನೂ ಮುತ್ತು ಪೋಣಿಸಿದ ಹಾಗೆ ಬರೆದು, ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದರು. ಕಾಯಂ ಮಾಡುವ ಫೈಲು ಹತ್ತು ಮೇಜು ದಾಟಿ ಈಗ ಕೊನೆಯ ಮೇಜಿಗೆ ಬಂದಿತ್ತು. ಬೇಕಿದ್ದದ್ದು ಒಂದೇ ಒಂದು ಸಹಿ, ಇವತ್ತು ಬರುವ ಅಮ್ಮನದು.

ಆ ಅಮ್ಮನನ್ನು ಜಿಲ್ಲೆಗೆ ಜಿಲ್ಲೆಯೇ ರೂಲ್ಸಮ್ಮ ಅನ್ನುತ್ತಿತ್ತು. ಒಂದು ದಿನ ನಾಲ್ಕು ನಿಮಿಷ ತಡವಾಗಿ ಬಂದರೆಂದು ತಮಗೆ ತಾವೇ ನೋಟಿಸ್ ಕೊಟ್ಟುಕೊಂಡು, ತಾವೇ ಉತ್ತರ ಬರೆದು, 'ಉತ್ತರ ಸಮಾಧಾನಕರವಾಗಿಲ್ಲ' ಎಂದು ಷರಾ ಹಾಕಿದ್ದರಂತೆ.

"ವೇಷ ಯಾಕೆ ಮೇಡಂ?" ಮೇಷ್ಟ್ರ ಬಾಯಿಂದ ಮಾತು ತಾನಾಗೇ ಬಿತ್ತು. "ನಮ್ಮ ಏಳನೇ ಕ್ಲಾಸಲ್ಲಿ ಅರವತ್ತೊಂದು ಮಕ್ಕಳಿದಾರೆ. ಒಬ್ಬೊಬ್ಬರ ಅಜ್ಜಿ ಎಲ್ಲಿ ಹುಟ್ಟಿದ್ರು ಅಂತ ಕೇಳ್ಕೊಂಡು ಬರ್ಲಿ. ಮನೆಯಿಂದ ಒಂದು ದಾರ ತರ್ಲಿ. ಪ್ರಾರ್ಥನೆ ಮಾಡೋ ಹಾಲಿನ ನೆಲದ ಮೇಲೆ ನಾನು ದೇಶದ ನಕ್ಷೆ ಬರೀತೀನಿ. ಅಜ್ಜಿ ಊರಿಂದ ನಮ್ಮ ಶಾಲೆಗೆ ದಾರ ಕಟ್ಟೋಣ. ಆಗ ಕಾಣತ್ತೆ ವೈವಿಧ್ಯ."

"ಖರ್ಚು?"

"ಸೀಮೆಸುಣ್ಣ."

"ಮಾಡಿ!" ಅಂದರು ಹೆಡ್ ಮೇಡಂ.

ನಕ್ಷೆಯ ಹೊರಗೆರೆ ಇನ್ನೂ ಅರ್ಧವಾಗಿರಲಿಲ್ಲ, ಲೆಕ್ಕದ ಮೇಷ್ಟ್ರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನ್ರೀ ಇದು, ದೇಶಕ್ಕೆ ಪಾರ್ಶ್ವವಾಯು ಬಡಿದ ಹಾಗಿದೆ! ಅಳತೆ ಬೇಡ್ವಾ?" ಎಂದು ಟೇಪು ಹಿಡಿದು, ತಾವೇ ಮಂಡಿಯೂರಿ ಕೂತು, ಅರ್ಧ ದೇಶ ಅಳಿಸಿ ಹೊಸದಾಗಿ ಬರೆಸಿದರು. ಅಷ್ಟರಲ್ಲಿ ಲೈಬ್ರರಿ ಅಕ್ಕ ಬಂದರು. ಅವರಿಗೆ ಪುಸ್ತಕಕ್ಕಿಂತ ಮನುಷ್ಯರ ಮೇಲೆ ಆಸೆ. ಎದುರು ಸಿಕ್ಕ ಯಾರನ್ನೇ ಆಗಲಿ ಹತ್ತು ನಿಮಿಷ ಮಾತಾಡಿಸಿ, ಮತ್ತಾರಿಗೋ ಸೋದರತ್ತೆ ಮಾಡಿ ಕಳಿಸುವ ವಿದ್ಯೆ ಅವರದು. "ಅಜ್ಜಿಯರ ವಿಷಯ ಅಂದ್ರೆ ನನ್ನನ್ನ ಬಿಟ್ಟು ಮಾಡ್ತೀರಾ?" ಎಂದು ಸೆರಗು ಬಿಗಿದರು.

ದಾರ ಕಟ್ಟಲು ಇಟ್ಟಿಗೆಗಳನ್ನು ತಂದು ಊರೂರಿನ ಮೇಲಿಡುವುದೆಂದಾಯಿತು. ನಕ್ಷೆಯಲ್ಲಿ ತಮ್ಮ ಊರು ಇರುವ ಕಡೆ ಶಾಲೆಯ ಗುರುತಿಗೆ, ಟೈರಿನೊಳಗೆ ಸಿಮೆಂಟು ತುಂಬಿ ನಿಲ್ಲಿಸಿದ ವಾಲಿಬಾಲ್ ಕಂಬ ಉರುಳಿಸಿಕೊಂಡು ಬಂದು ನಿಲ್ಲಿಸಿದರು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ ಮಕ್ಕಳು ತಿರುಗಿ ಬಂದಾಗ ಜೊತೆಗೆ ಬಂದದ್ದು ದಾರವೊಂದೇ ಅಲ್ಲ. ಮೊಮ್ಮಕ್ಕಳ ನೆನಪಿನ ಮೇಲೆ ನಂಬಿಕೆಯಿಲ್ಲದ ಆರೇಳು ಅಜ್ಜಿಯರೂ ಹಿಂದೆಯೇ ಬಂದರು.

ದಾರಗಳಾದರೂ ಎಂಥವು! ದರ್ಜಿಯ ಮಗಳು ಹಳದಿ ರೇಷ್ಮೆಯ ಉಂಡೆ ತಂದಿದ್ದಳು. ಗೋಡೌನ್ ಹಮಾಲಿಯ ಮಗ ಗೋಣಿಯಿಂದ ಬಿಚ್ಚಿದ ಸೆಣಬು ತಂದಿದ್ದ. ಒಬ್ಬ ತಂದದ್ದು ಗಾಳಿಪಟದ ನೂಲು, ಒಬ್ಬಳು ತಾತನ ಸ್ವೆಟರಿನ ತೋಳನ್ನೇ ಬಿಚ್ಚಿ ಉಂಡೆ ಮಾಡಿಕೊಂಡು ಬಂದಿದ್ದಳು. ("ತಾತಂಗೆ ಗೊತ್ತಾ?" "ಚಳಿ ಬಂದಾಗ ಗೊತ್ತಾಗತ್ತೆ ಸಾರ್.") ನರ್ಸಮ್ಮನ ಮಗ ಬ್ಯಾಂಡೇಜನ್ನು ಹೊಸೆದು ತಂದಿದ್ದ.

ಕಟ್ಟುತ್ತ ಹೋದ ಹಾಗೆ ತೊಂದರೆಗಳೂ ಶುರುವಾದವು.

ಎರಡು ಜಡೆಯ ಒಬ್ಬ ಹುಡುಗಿ ದಾರ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. "ನಮ್ಮಜ್ಜಿ ರೈಲಲ್ಲಿ ಹುಟ್ಟಿದ್ದು ಸಾರ್."

"ಯಾವ ಸ್ಟೇಷನ್ ಹತ್ರ ಮಗಾ?"

"ಸ್ಟೇಷನ್ ಅಲ್ಲ ಸಾರ್. ಓಡ್ತಾ ಇತ್ತಂತೆ."

ಲೆಕ್ಕದ ಮೇಷ್ಟ್ರ ಕಣ್ಣು ಹೊಳೆಯಿತು. "ವೇಗ ಎಷ್ಟಿತ್ತು? ಎಷ್ಟು ಗಂಟೆಗೆ ಹೊರಟಿದ್ದು?"

"ಹುಟ್ಟಿದ ಕೂಸಿಗೆ ಗಡಿಯಾರ ನೋಡೋಕೆ ಬರ್ತಿತ್ತೇನ್ರಿ?" ಎಂದು ಲೈಬ್ರರಿ ಅಕ್ಕ ಅವರ ಬಾಯಿ ಮುಚ್ಚಿಸಿದರು. ಕೊನೆಗೆ ಡ್ರಾಯಿಂಗ್ ಮೇಷ್ಟ್ರು ಎರಡು ಇಟ್ಟಿಗೆಗಳ ನಡುವೆ ರೈಲುಹಳಿ ಬರೆದರು. ಹುಡುಗಿ ದಾರದ ತುದಿ ಹಿಡಿದು ಆ ಹಳಿಯ ಮೇಲೆ ಮೆಲ್ಲಗೆ ಅತ್ತಿಂದಿತ್ತ ನಡೆಯತೊಡಗಿದಳು. ಇಡೀ ನಕ್ಷೆಯಲ್ಲಿ ನಡೆದಾಡುವ ಊರು ಅವಳ ಅಜ್ಜಿಯದೊಂದೇ.

ಇನ್ನೊಬ್ಬ ಹುಡುಗನ ಅಜ್ಜಿಯ ಊರು ಅಣೆಕಟ್ಟಿನ ನೀರಿನೊಳಗಿತ್ತು. ಇಟ್ಟಿಗೆ ಇಡುವುದು ಎಲ್ಲಿ? ಹುಡುಗ ನೀಲಿ ಸೀಮೆಸುಣ್ಣ ಬಳಿದ ಜಾಗ ನೋಡುತ್ತ ನಿಂತ. ಅವನ ಹಿಂದೆ ಬಂದಿದ್ದ ಅಜ್ಜಿ ಯಾರನ್ನೂ ಕೇಳದೆ ಮೇಷ್ಟ್ರ ಕೈಯಿಂದ ಬಿಳಿ ಸುಣ್ಣ ತೆಗೆದುಕೊಂಡರು. ಮೊಣಕಾಲು ಹಿಡಿದುಕೊಂಡು ಬಾಗಿ, ಆ ನೀಲಿಯ ಮೇಲೆ ಬೆರಳಗಲದ ಒಂದು ಬಾಗಿಲು ಬರೆದರು. "ಇಲ್ಲಿತ್ತು. ಪೂರ್ವಕ್ಕೆ ತೆರೀತಿತ್ತು" ಅಂದರು. ಹುಡುಗ ಆ ಬಾಗಿಲ ಪಕ್ಕಕ್ಕೇ ಇಟ್ಟಿಗೆಯಿಟ್ಟು ದಾರ ಕಟ್ಟಿದ. ಡ್ರಾಯಿಂಗ್ ಮೇಷ್ಟ್ರು ಇಪ್ಪತ್ತು ವರ್ಷದಿಂದ ಚಿತ್ರ ಬರೆಯುತ್ತಿದ್ದವರು. ಅಷ್ಟು ಸಣ್ಣ ಚಿತ್ರ ಅಷ್ಟು ದೊಡ್ಡದಾಗಿದ್ದನ್ನು ಅವರು ನೋಡಿರಲಿಲ್ಲ.

ಮೂರನೆಯ ತೊಂದರೆ ಸಮುದ್ರದಾಚೆಯದು. ಬಲೆ ಹೆಣೆಯುವವರ ಮಗನೊಬ್ಬನ ಅಜ್ಜಿ ಹುಟ್ಟಿದ್ದು ಪರದೇಶದಲ್ಲಿ. ಲೆಕ್ಕದ ಮೇಷ್ಟ್ರು ಟೇಪು ಹಿಡಿದು ಗೋಡೆ ದಾಟಿ, ಪಡಸಾಲೆ ದಾಟಿ ಅಳೆದುಕೊಂಡು ಹೋದರು.

"ಅಳತೆ ಪ್ರಕಾರ ಆ ದೇಶ ಹೆಡ್ ಮೇಡಂ ರೂಮಲ್ಲಿ ಬೀಳತ್ತೆ. ಕರೆಕ್ಟಾಗಿ ಅವರ ಕುರ್ಚಿ ಹತ್ರ."

"ಅಂದ್ರೆ ನಾನೀಗ ಫಾರಿನ್ನಲ್ಲಿ ಕೂತಿದೀನಾ?" ಹೆಡ್ ಮೇಡಂ ಖುಷಿಯಾದರು. "ಕಟ್ಟಿ ಕಟ್ಟಿ, ಕುರ್ಚಿ ಕಾಲಿಗೇ ಕಟ್ಟಿ!" ಹುಡುಗ ತಂದಿದ್ದು ಬಲೆಯ ನೈಲಾನು. ಆನೆ ಎಳೆದರೂ ಹರಿಯದು.

ಎರಡೂವರೆಗೆ ಎಲ್ಲ ಮುಗಿಯಿತು. ಪಶ್ಚಿಮದ ಕಿಟಕಿಗಳಿಂದ ಬಿಸಿಲು ಒಳಗೆ ಬಿತ್ತು. ಆಗಲೇ ಎಲ್ಲರೂ ತಾವು ಮಾಡಿದ್ದೇನೆಂದು ನೋಡಿದ್ದು.

ನೆಲದ ಮೂಲೆ ಮೂಲೆಯಿಂದ ಎದ್ದ ದಾರಗಳು ಕಂಬದ ತುದಿಗೆ ಹೋಗಿ ಸೇರಿ, ಹಾಲಿನ ತುಂಬ ಒಂದು ಗುಡಾರ ಎದ್ದು ನಿಂತಿತ್ತು. ಗೋಡೆಯೂ ಇಲ್ಲ, ಬಟ್ಟೆಯೂ ಇಲ್ಲ, ಬರೀ ಗೆರೆ. ಹಳದಿ, ಕಪ್ಪು, ಗೋಣಿಬಣ್ಣ, ಸ್ವೆಟರಿನ ಹಸಿರು, ಎಲ್ಲದರ ಮೇಲೂ ಬಿಸಿಲು ಓಡಾಡುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಬಗ್ಗಿ ಅದರೊಳಗೆ ನುಸುಳಿ ಕೂತರು. ನಲ್ಲಿ ಸೋರುವ, ಹೆಂಚು ಒಡೆದ ಈ ಶಾಲೆಗೆ ಇಷ್ಟು ದೂರದಿಂದ ಇಷ್ಟು ಜನ ನಡೆದು ಬಂದಿದ್ದಾರಾ? ಅಷ್ಟೂ ಅಜ್ಜಿಯರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಈ ಕಂಬದ ಕಡೆಗೇ ಹೊರಟಿದ್ದರಾ? 'ನಾವೆಲ್ಲ ಒಂದೇ' ಎಂದು ಯಾರೂ ಕೂಗಲಿಲ್ಲ. ಕೂಗುವುದು ಯಾರಿಗೂ ನೆನಪಾಗಲಿಲ್ಲ.

"ಸಾರ್, ನಿಮ್ಮ ದಾರ ಎಲ್ಲಿ?" ಹಳಿಯ ಮೇಲೆ ನಡೆಯುತ್ತಲೇ ರೈಲು ಹುಡುಗಿ ಕೇಳಿದಳು.

"ನಂದಾ? ನಾನು... ನಾನಿನ್ನೂ ಹಂಗಾಮಿ ಕಣಮ್ಮ."

"ಕಂಬಕ್ಕೆ ಕಟ್ಟೋಕೆ ಯಾರದ್ದಾದ್ರೂ ಸಹಿ ಬೇಕಾ ಸಾರ್?"

ಪಕ್ಕದಲ್ಲಿದ್ದ ದರ್ಜಿಯ ಮಗಳು ತನ್ನ ಉಂಡೆಯಿಂದ ಒಂದೆಳೆ ಹಳದಿ ಹರಿದುಕೊಟ್ಟಳು. ಅವರು ನಕ್ಷೆಯ ತೀರಾ ಅಂಚಿಗೆ, ಉಪ್ಪಿನ ಗದ್ದೆಗಳಿರುವ ಕಡಲಂಚಿಗೆ ಹೋಗಿ, ಅಮ್ಮನ ಅಮ್ಮ ಹುಟ್ಟಿದ ಊರಿನ ಮೇಲೆ ಒಂದು ಇಟ್ಟಿಗೆಯಿಟ್ಟು ಕಟ್ಟಿದರು. ನಲವತ್ತು ಮನೆಯ ಊರು; ನಕ್ಷೆಯಲ್ಲಿ ಹೆಸರೂ ಇಲ್ಲ. ಇನ್ನೊಂದು ತುದಿಯನ್ನು ಕಂಬಕ್ಕೆ ತಂದು ಎರಡೆರಡು ಗಂಟು ಹಾಕಿದರು.

ಆ ಹೊತ್ತಿಗೇ ಹೊರಗೆ ಜೀಪು ನಿಂತ ಸದ್ದಾಯಿತು. ತಮ್ಮ ರೂಮಿನಲ್ಲಿದ್ದ ಹೆಡ್ ಮೇಡಂ "ಬಂದ್ರು! ಬಂದ್ರು!" ಎಂದು ಧಡಕ್ಕನೆ ಎದ್ದು, ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಕುರ್ಚಿ ಹಿಂದೆ ಸರಿದಂತೆ ಪರದೇಶವೂ ಹಿಂದೆ ಸರಿಯಿತು. ನೈಲಾನು ಬಿಗಿಯಿತು. ಇತ್ತ ಹಾಲಿನಲ್ಲಿ ಕಂಬ ಕುಡುಕನ ಹಾಗೆ ವಾಲಿತು, ಗುಡಾರವೆಲ್ಲ ಗಡಗಡ ಅಂದಿತು. ಮೇಷ್ಟ್ರು ಹಾರಿ ಕಂಬವನ್ನು ತಬ್ಬಿಕೊಂಡರು.

"ಕುರ್ಚಿ! ಯಾರಾದ್ರೂ ಕುರ್ಚಿ ಮುಂದೆ ತಳ್ರೋ!"

ತಳ್ಳುವವರು ಯಾರೂ ಇರಲಿಲ್ಲ; ಎಲ್ಲರೂ ಗುಡಾರದ ಒಳಗೇ ಸಿಕ್ಕಿಕೊಂಡಿದ್ದರು. ಹೀಗಾಗಿ ಅಧಿಕಾರಿ ಬಾಗಿಲಲ್ಲಿ ಬಂದು ನಿಂತಾಗ, ತನ್ನ ಭವಿಷ್ಯವನ್ನು ಅವರ ಕೈಯಲ್ಲಿಟ್ಟಿದ್ದ ಮನುಷ್ಯ ವಾಲಿಬಾಲ್ ಕಂಬವನ್ನು ಹೆತ್ತ ಮಗುವಿನಂತೆ ಅವುಚಿಕೊಂಡು ನಿಂತಿದ್ದ.

"ಇವರು ಯಾರು?" ರೂಲ್ಸಮ್ಮ ಕನ್ನಡಕದ ಮೇಲಿಂದ ನೋಡಿದರು.

"ಡ್ರಾಯಿಂಗ್ ಮೇಷ್ಟ್ರು ಮೇಡಂ," ಹೆಡ್ ಮೇಡಂ ಏದುಸಿರು ಬಿಟ್ಟರು. "ಇದೆಲ್ಲ ಅವರದೇ."

"ಏನಿದೆಲ್ಲ?"

ಮೇಷ್ಟ್ರಿಗೆ ಕೈ ಬಿಡುವ ಹಾಗಿಲ್ಲ, ಮುಂದೆ ಬರುವ ಹಾಗಿಲ್ಲ. "ಒಳಗೆ ಬಂದ್ರೆ ಗೊತ್ತಾಗತ್ತೆ ಮೇಡಂ. ಸ್ವಲ್ಪ ಬಗ್ಗಬೇಕಾಗತ್ತೆ."

ಬಗ್ಗಬೇಕಾಗತ್ತೆ! ಲೆಕ್ಕದ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ರೂಲ್ಸಮ್ಮ ಯಾರ ಮುಂದೆ ಬಗ್ಗಿದ್ದನ್ನೂ ಜಿಲ್ಲೆ ಕಂಡಿರಲಿಲ್ಲ. ಆದರೆ ಅವರು ಚಪ್ಪಲಿ ಬಿಟ್ಟರು, ಬ್ಯಾಗನ್ನು ಎದೆಗೆ ಒತ್ತಿಕೊಂಡರು, ಅಂಬೆಗಾಲಲ್ಲಿ ಒಳಗೆ ಬಂದರು. ಬಂದು ಮಕ್ಕಳ ನಡುವೆ ಕೂತು ತಲೆಯೆತ್ತಿ ನೋಡಿದರು.

ಯಾವ ದಾರ ಯಾರದೆಂದು ಮಕ್ಕಳು ಪಿಸುಪಿಸು ಹೇಳತೊಡಗಿದರು. ನೀರೊಳಗಿನ ಬಾಗಿಲನ್ನು ರೂಲ್ಸಮ್ಮ ಬೆರಳಿಂದ ಮುಟ್ಟದೆ, ಮೇಲಿಂದ ಸವರಿದಂತೆ ಮಾಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಪ್ಪತ್ತೆಂಟು ವರ್ಷದಿಂದ ಶಾಲೆ ನೋಡ್ತಿದೀನಿ," ಅಂದರು ಮೆಲ್ಲಗೆ. "ಒಟ್ಟು ಎಷ್ಟು ಅಂಟುಗಡ್ಡ ನೋಡಿದೀನೋ ಲೆಕ್ಕವಿಲ್ಲ. ಇಂಥದ್ದು ನೋಡಿರಲಿಲ್ಲ." ಆಮೇಲೆ ಕಂಬದ ಕಡೆ ತಿರುಗಿ, "ನಿಮ್ಮ ಫೈಲು ನನ್ನ ಹತ್ರಾನೇ ಇದೆ ಮೇಷ್ಟ್ರೇ. ಹಿಂಗೆ ಕಲಿಸೋರನ್ನ ಒಂಬತ್ತು ವರ್ಷ ಬಾಗಿಲಲ್ಲಿ ನಿಲ್ಲಿಸಿದ್ದು ನಮ್ಮ ತಪ್ಪು," ಎಂದು ಬ್ಯಾಗಿನಿಂದ ಫೈಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಪೆನ್ನಿನ ಟೋಪಿ ತೆಗೆದರು.

ಮೇಷ್ಟ್ರು ಕಂಬದ ಪಕ್ಕದಿಂದ ಕತ್ತು ಚಾಚಿದರು.

ಪೆನ್ನು ಕಾಗದದ ಮೇಲೆ ಬಂದು, ಅಲ್ಲೇ ತಡೆಯಿತು. "ಸಹಿ ಎಲ್ಲಿ ಓಡಿ ಹೋಗತ್ತೆ? ಮೊದಲು ನಂದೂ ಒಂದು ದಾರ ಕಟ್ಟಿಬಿಡ್ತೀನಿ. ಕಟ್ಟಬಹುದಾ?"

ಅವರ ಹತ್ತಿರ ದಾರ ಇರಲಿಲ್ಲ. ಫೈಲು ಕಟ್ಟಿದ್ದ ಕೆಂಪು ದಾರವನ್ನೇ ಎಳೆದುಕೊಂಡು, ಅಂಬೆಗಾಲಿಡುತ್ತ ನಕ್ಷೆಯ ಅಂಚಿಗೆ ಹೋದರು. ಅಲ್ಲಿ ಹೋಗಿ ನಿಂತೇಬಿಟ್ಟರು.

"ಇಲ್ಲಾಗಲೇ ಒಂದು ಇಟ್ಟಿಗೆ ಇದೆಯಲ್ಲ! ಇದು ಯಾರದು?"

"ನಂದೇ ಮೇಡಂ," ಅಂದರು ಮೇಷ್ಟ್ರು ಕಂಬದ ಹಿಂದಿನಿಂದ.

"ಇದು ನಲವತ್ತು ಮನೆ ಊರು ಕಣ್ರೀ! ನಮ್ಮಮ್ಮನ ಅಮ್ಮ ಹುಟ್ಟಿದ್ದೂ ಇಲ್ಲೇ!"

ಕೆಂಪು ದಾರ ಗಿಡ್ಡ, ಕಂಬದ ತನಕ ಎಟುಕುವಂತಿರಲಿಲ್ಲ. ಅವರು ಅದನ್ನು ಮೇಷ್ಟ್ರ ಹಳದಿ ಎಳೆಗೇ ಗಂಟು ಹಾಕಿದರು. ಲೈಬ್ರರಿ ಅಕ್ಕನ ಮೂಗಿಗೆ ಬೇಟೆಯ ವಾಸನೆ ಬಡಿಯಿತು. ಸಂಬಂಧ ಒಂದು ಕುದುರಿಬಿಟ್ಟರೆ ಮೇಷ್ಟ್ರ ಕೆಲಸ ಕಲ್ಲಿನ ಮೇಲೆ ಬರೆದ ಹಾಗೆ, ಎಂದು ಅವರು ದಾರಗಳ ನಡುವೆ ನುಗ್ಗಿ ಬಂದರು.

"ಮೇಷ್ಟ್ರೇ, ನಿಮ್ಮಮ್ಮನ ಕಡೆ ತಾತ ಏನು ಕೆಲಸ ಮಾಡ್ತಿದ್ರು?"

"ಗಡಿಯಾರ ರಿಪೇರಿ."

ರೂಲ್ಸಮ್ಮ ತಟ್ಟನೆ ತಿರುಗಿದರು. "ನಮ್ಮಜ್ಜಿಗೆ ಒಬ್ಬಳು ಅಕ್ಕ ಇದ್ಲು. ಗಡಿಯಾರದೋರನ್ನ ಮದುವೆಯಾಗಿ ಊರು ಬಿಟ್ಟೋದ್ಲು, ಆಮೇಲೆ ಸುದ್ದೀನೇ ಇಲ್ಲ. ನಮ್ಮನೇಲಿ ಗಡಿಯಾರ ನಿಂತಾಗೆಲ್ಲ ನಮ್ಮಜ್ಜಿ ಅಕ್ಕನ್ನ ನೆನೆಸ್ಕೊಂಡು ಅಳೋಳು."

"ಹೇಳಿ ಹೇಳಿ, ಇನ್ನೇನಾದ್ರೂ ಗುರುತಿದ್ಯಾ?" ಲೈಬ್ರರಿ ಅಕ್ಕ ಬಿಡಲಿಲ್ಲ.

ಅಷ್ಟು ಹೊತ್ತಿಗೆ ಲೆಕ್ಕದ ಮೇಷ್ಟ್ರು ಅದೇಕೋ ಚಡಪಡಿಸತೊಡಗಿದ್ದರು. ಲೈಬ್ರರಿ ಅಕ್ಕನ ಸೆರಗು ಎಳೆದರು. ಆಕೆ ಕೈ ಕೊಡವಿದರು.

"ಒಂದು ಗುರುತಿದೆ," ರೂಲ್ಸಮ್ಮನ ದನಿ ಸಣ್ಣದಾಯಿತು. "ನಿಮ್ಮಜ್ಜಿಯ ಎಡಗಾಲಿಗೆ ಎಷ್ಟು ಬೆರಳಿತ್ತು ಮೇಷ್ಟ್ರೇ?"

ಅಧಿಕಾರಿಯ ಬೆನ್ನ ಹಿಂದೆ ಲೆಕ್ಕದ ಮೇಷ್ಟ್ರು ಐದೂ ಬೆರಳು ಬಿಡಿಸಿ ಕೈಯೆತ್ತಿದರು. ಅಲ್ಲಾಡಿಸಿದರು. ಇನ್ನೊಂದು ಕೈಯಿಂದ ಅದನ್ನೇ ತೋರಿಸಿದರು. ಪಾಪ, ಧೈರ್ಯ ಹೇಳುತ್ತಿದ್ದಾರೆ ಅಂದುಕೊಂಡ ಡ್ರಾಯಿಂಗ್ ಮೇಷ್ಟ್ರು ಅವರಿಗೆ ತಲೆಯಾಡಿಸಿ, ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಆರು" ಅಂದರು.

"ಆರು!" ರೂಲ್ಸಮ್ಮ ಕೂಗಿಯೇಬಿಟ್ಟರು. "ಅವಳಿಗೆ ಚಪ್ಪಲಿ ಹೊಲಿಯೋನು ಸಿಗ್ತಾನೇ ಇರ್ಲಿಲ್ಲ ಅನ್ನೋಳು ನಮ್ಮಜ್ಜಿ!"

"ಹೌದು ಮೇಡಂ, ಸಾಯೋ ತನಕ ಬರಿಗಾಲೇ!"

ಲೈಬ್ರರಿ ಅಕ್ಕ ತೀರ್ಪು ಕೊಟ್ಟರು. "ಅಜ್ಜಿಯರು ಅಕ್ಕತಂಗಿ. ಅಂದ್ಮೇಲೆ ಅಮ್ಮಂದಿರೂ ಅಕ್ಕತಂಗಿ. ಅಂದ್ಮೇಲೆ ನೀವಿಬ್ರು? ಅಕ್ಕ ತಮ್ಮ! ಒಡಹುಟ್ಟಿದೋರಿಗೂ ನಿಮಗೂ ಏನೂ ವ್ಯತ್ಯಾಸ ಇಲ್ಲ!"

ಮಕ್ಕಳು ಚಪ್ಪಾಳೆ ಹೊಡೆದರು. ಅಜ್ಜಿಯರು ಕಣ್ಣು ಒರೆಸಿಕೊಂಡರು. ಒಂದು ಜಿಲ್ಲೆಯನ್ನೇ ನಡುಗಿಸಿದ ಅಧಿಕಾರಿ, ಅರವತ್ತು ಎಪ್ಪತ್ತು ವರ್ಷದ ಹಿಂದೆ ಕಳೆದುಹೋದ ಒಂದು ಮನೆಯನ್ನು ಈ ಹಾಲಿನ ನೆಲದ ಮೇಲೆ ಕಂಡ ಬೆರಗಿನಲ್ಲಿ, ಕಂಬ ಹಿಡಿದಿದ್ದ ಮೇಷ್ಟ್ರ ಕೈಮೇಲೆ ಕೈಯಿಟ್ಟು "ತಮ್ಮಾ" ಅಂದರು.

ಆಮೇಲೆ ನೆಲದ ಮೇಲಿದ್ದ ಪೆನ್ನು ಎತ್ತಿಕೊಂಡು, ಟೋಪಿ ಹಾಕಿದರು. ಟಕ್ ಅಂತ ಸದ್ದಾಯಿತು.

"ಎಂಥ ಒಳ್ಳೆ ಫೈಲು," ಎಂದು ನಿಟ್ಟುಸಿರಿಟ್ಟು ಅದನ್ನು ಬ್ಯಾಗಿಗೆ ಹಾಕಿಕೊಂಡರು.

"ಮೇಡಂ... ಸಹಿ?"

"ಮೇಡಂ ಅಲ್ಲ, ಅಕ್ಕ. ಅದೇ ಅಲ್ವೇನೋ ಕಷ್ಟ! ಸಂಬಂಧಿಕರ ಫೈಲಿಗೆ ಅಧಿಕಾರಿ ಸಹಿ ಹಾಕೋ ಹಾಗಿಲ್ಲ."

ಲೈಬ್ರರಿ ಅಕ್ಕನ ಮುಖ ಬಿಳಿಚಿಕೊಂಡಿತು. "ಸ್ವಲ್ಪ ದೂರದ ಸಂಬಂಧಾನೇ ಅಲ್ವಾ ಮೇಡಂ ಇದು?"

"ಒಡಹುಟ್ಟಿದೋರಿಗೂ ನಮಗೂ ವ್ಯತ್ಯಾಸ ಇಲ್ಲ ಅಂತ ನೀವೇ ತಾನೇ ಹೇಳಿದ್ದು?"

"ಪಕ್ಕದ ಜಿಲ್ಲೆ ಅಧಿಕಾರಿಗಳು ಹಾಕಬಹುದಲ್ಲ," ಲೆಕ್ಕದ ಮೇಷ್ಟ್ರು ಕೊನೆಯ ಹಗ್ಗ ಎಸೆದರು.

"ಪಕ್ಕದ ಜಿಲ್ಲೇಲಿ ಇರೋದು ನಮ್ಮೆಜಮಾನ್ರು. ಈಗ ಇವನಿಗೆ ಅವರು ಭಾವ. ಅವರೂ ಹಾಕೋ ಹಾಗಿಲ್ಲ." ರೂಲ್ಸಮ್ಮ ತಮ್ಮನ ಕೆನ್ನೆ ತಟ್ಟಿದರು. "ಫೈಲನ್ನ ರಾಜಧಾನಿಗೆ ಕಳಿಸ್ತೀನಿ, ಯೋಚನೆ ಮಾಡ್ಬೇಡ. ಅಲ್ಲಿ ಸರದಿ ಪ್ರಕಾರ ನೋಡ್ತಾರೆ."

"ಸರದಿ ಈಗ ಎಲ್ಲಿಗೆ ಬಂದಿದೆ ಅಕ್ಕಾ?"

"ನೀನು ಕೆಲಸಕ್ಕೆ ಸೇರೋಕೆ ಮೂರು ವರ್ಷ ಮುಂಚಿನ ಫೈಲು ನೋಡ್ತಿದಾರಂತೆ."

ಅವರು ಶಾಲೆಯ ಪುಸ್ತಕದಲ್ಲಿ 'ಇಂಥದ್ದನ್ನು ಎಲ್ಲಿಯೂ ಕಂಡಿಲ್ಲ' ಎಂದು ಬರೆದು ಹೆಡ್ ಮೇಡಮ್ಮಿನ ಕೈ ಕುಲುಕಿದರು. ಹೆಡ್ ಮೇಡಂ ಆ ಪುಟವನ್ನು ಎದೆಗೊತ್ತಿಕೊಂಡು ಓಡಾಡಿದರು. ಯಾರೋ ಹೋಗಿ ಕುರ್ಚಿಯನ್ನು ಮುಂದೆ ತಳ್ಳಿದರು. ಮೇಷ್ಟ್ರು ಕಂಬ ಬಿಟ್ಟರು; ಗುಡಾರ ನಿಂತೇ ಇತ್ತು.

"ಐದು ಅಂತ ಅಷ್ಟು ಬಡ್ಕೊಂಡ್ನಲ್ರೀ," ಲೆಕ್ಕದ ಮೇಷ್ಟ್ರು ಹಲ್ಲು ಕಡಿದರು. "ಒಂದು ಬೆರಳು! ಒಂದೇ ಒಂದು ಬೆರಳು ಕಮ್ಮಿ ಹೇಳಿದ್ರೆ ಇವತ್ತು ಕಾಯಂ ಆಗಿರ್ತಿದ್ರಿ!"

"ನಮ್ಮಜ್ಜಿ ಬೆರಳನ್ನ ನಾನು ಹೆಂಗ್ರೀ ಕಮ್ಮಿ ಮಾಡ್ಲಿ," ಅಂದರು ಡ್ರಾಯಿಂಗ್ ಮೇಷ್ಟ್ರು. ಅವರ ಕಣ್ಣಿನ್ನೂ ಹಳದಿಗೆ ಬಿದ್ದ ಆ ಕೆಂಪು ಗಂಟಿನ ಮೇಲೇ ಇತ್ತು.

ಆಗ ಹೆಂಡತಿಯ ಫೋನು ಬಂತು.

"ಏನಾಯ್ತು ರೀ? ಸಹಿ ಬಿತ್ತಾ?"

"ಬೀಳ್ಲಿಲ್ಲ. ಅಕ್ಕ ಸಿಕ್ಕಿದ್ರು."

"ಯಾರಕ್ಕ?"

"ನಮ್ಮಕ್ಕ. ಸಂಜೆ ಭಾವನ್ನೂ ಕರ್ಕೊಂಡು ಮನೆಗೆ ಬರ್ತಾರಂತೆ. ಊಟ ಮಾಡೋಕೆ ರೂಲ್ಸಲ್ಲಿ ಏನೂ ಅಡ್ಡಿ ಇಲ್ವಂತೆ."

ಅತ್ತ ಕಡೆ ಪಾತ್ರೆಯೊಂದು ಕೆಳಗೆ ಬಿದ್ದ ಸದ್ದು. "ಇಷ್ಟು ವರ್ಷ ಇಲ್ದೋರು ಇದ್ದಕ್ಕಿದ್ದ ಹಾಗೆ ಎಲ್ಲಿಂದ ಬಂದ್ರು ರೀ? ಎಷ್ಟು ದಿನಕ್ಕೆ?"

ಮೇಷ್ಟ್ರು ಬಾಗಿಲ ಕಡೆ ನೋಡಿದರು. ರೂಲ್ಸಮ್ಮ ಮಕ್ಕಳ ನಡುವೆ ನಿಂತು, ಇವರೆಡೆಗೆ ಬೆರಳು ಮಾಡಿ, "ನನ್ನ ತಮ್ಮ, ನನ್ನ ತಮ್ಮ" ಎಂದು ಅಜ್ಜಿಯರಿಗೆಲ್ಲ ತೋರಿಸುತ್ತಿದ್ದರು.

"ದಿನದ ಲೆಕ್ಕ ಇಲ್ಲ ಕಣೇ," ಅಂದರು. "ಅವರು ಕಾಯಂ."